ಮಂಡ್ಯದಿಂದ ಎಲೆಕ್ಟ್ರಾನಿಕ್ ಮ್ಯೂಸಿಕ್ ಓದೋಕೆ ಹೋಗಬೇಕು ಅಂತಿದ್ದೇನೆ, ತಲೆ ಕೆಟ್ಟಿದೆಯಾ ಹೇಳಿ

ಆಲೆಮನೆ ಹುಡುಗ, ಮಂಡ್ಯ
ಭಾನುವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಬೈಯಬೇಡಿ.

ನಮ್ಮದು ಮಂಡ್ಯದ ಹತ್ತಿರ ಒಂದು ಹಳ್ಳಿ. ಅಪ್ಪನದು ಆಲೆಮನೆ. ನಾನು ಇಂಜಿನಿಯರಿಂಗ್, ಇಸಿ (ಎಲೆಕ್ಟ್ರಾನಿಕ್ಸ್) ಬ್ರಾಂಚ್, ಕೊನೆಯ ವರ್ಷ. ನಮಗೆ ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಅಂತ ಒಂದು ಸಬ್ಜೆಕ್ಟ್ ಇತ್ತು. ಸಿಗ್ನಲ್‌ನಲ್ಲಿ ಯಾವ ಯಾವ ಫ್ರೀಕ್ವೆನ್ಸಿ ಇದೆ ಅಂತ ಬಿಡಿಸಿ ತೋರಿಸುವ ಲೆಕ್ಕ ಎಫ್‌ಎಫ್‌ಟಿ, ಅದರ 8 ಪಾಯಿಂಟ್ ಬಟರ್‌ಫ್ಲೈ ಡಯಾಗ್ರಾಂ ಎಷ್ಟು ಸಲ ಬರೆದಿದ್ದೇನೆ ಅಂದರೆ ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಮಾರ್ಕ್ಸೂ ಚೆನ್ನಾಗಿಯೇ ಬಂತು. ಆದರೆ ಇಡೀ ಸೆಮಿಸ್ಟರ್‌ನಲ್ಲಿ ಒಂದೇ ಒಂದು ಶಬ್ದ ಕೇಳಿಸಲಿಲ್ಲ. ಸಿಗ್ನಲ್ ಅಂದರೆ ಬೋರ್ಡ್ ಮೇಲಿನ ಎಕ್ಸ್ ಆಫ್ ಎನ್, ಅಷ್ಟೇ.

ಹಾಸ್ಟೆಲ್‌ನಲ್ಲಿ ಒಂದು ರಾತ್ರಿ ಶಬ್ದ ಮಾಡುವ ಪ್ಯೂರ್ ಡೇಟಾ ಅನ್ನೋ ಉಚಿತ ಸಾಫ್ಟ್‌ವೇರ್ ಇಳಿಸಿಕೊಂಡೆ. 220 ಹರ್ಟ್ಸ್‌ನ ಒಂದು ಆಸಿಲೇಟರ್ (ಒಂದೇ ಸ್ವರ ಎಡೆಬಿಡದೆ ಹೊರಡಿಸುವುದು), ಪಕ್ಕದಲ್ಲಿ 223ರದ್ದು ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಟ್ಟಾಗ ಸೆಕೆಂಡಿಗೆ ಮೂರು ಸಲ ಶಬ್ದ ಉಯ್ಯಾಲೆ ಆಡಿದ ಹಾಗೆ ಹೋಗಿ ಬಂತು. ಪುಸ್ತಕದಲ್ಲಿ ಇದ್ದದ್ದೇ. ಆದರೆ ಕಿವಿಯಲ್ಲಿ ಕೇಳಿದ ಮೇಲೆ ನಿದ್ದೆ ಬರಲಿಲ್ಲ. ಅವತ್ತಿನಿಂದ ಇದೇ ಹುಚ್ಚು.

ಈಗ ನನ್ನ ಪ್ರಶ್ನೆ. ಸೌಂಡ್ ಡಿಸೈನ್, ಎಲೆಕ್ಟ್ರಾನಿಕ್ ಮ್ಯೂಸಿಕ್ ಇದನ್ನೆಲ್ಲ ಯೂನಿವರ್ಸಿಟಿಯಲ್ಲಿ ಓದುವುದಕ್ಕೆ ಅರ್ಥ ಇದೆಯಾ? ಯೂಟ್ಯೂಬ್‌ನಲ್ಲಿ ಎಲ್ಲಾ ಇದೆಯಲ್ಲ ಅಂತ ಗೆಳೆಯರು ಅನ್ನುತ್ತಾರೆ. ನನಗೆ ಶಾಸ್ತ್ರೀಯ ಸಂಗೀತ ಬರುವುದಿಲ್ಲ, ಹಾರ್ಮೋನಿಯಂ ಕೂಡ ಬರುವುದಿಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಕ್ಯಾಂಪಸ್‌ನಲ್ಲಿ ಒಂದು ಸಾಫ್ಟ್‌ವೇರ್ ಕೆಲಸ ಸಿಕ್ಕಿದೆ, ಅದನ್ನು ಬಿಡಬೇಕಾ?


ಕೆಲಸ ಬಿಡಬೇಡ ಗುರು
ಭಾನುವಾರ ರಾತ್ರಿ 10:50

ಹೆಸರೇ ಉತ್ತರ. ಮನೆಯಲ್ಲಿ ಬೆಲ್ಲ ಇಟ್ಟುಕೊಂಡು ಬೀಟ್ ಹುಡುಕಿಕೊಂಡು ಹೋಗುತ್ತಾರಾ? ಅದೂ ಅಲ್ಲದೆ ಈಗ ಎಐಗೆ ಹೇಳಿದರೆ ಅರ್ಧ ನಿಮಿಷದಲ್ಲಿ ಹಾಡು ಬರುತ್ತೆ.


ಕುವೆಂಪುನಗರ
ಭಾನುವಾರ ರಾತ್ರಿ 11:35

ಎಐ ವಿಷಯ ಬಿಡಿ. ಹುಡುಗ ಕೇಳಿದ್ದು ಹಾಡು ಮಾಡಿಕೊಡಿ ಅಂತ ಅಲ್ಲ.

ತಮ್ಮಾ, ನಾನು ಇದನ್ನೇ ಓದಿದವನು. ಉತ್ತರ ಇಂಗ್ಲೆಂಡಿನಲ್ಲಿ, ಒಂದು ವರ್ಷದ ಎಂಎ. ಊರು, ಕಾಲೇಜು ಹೇಳುವುದಿಲ್ಲ, ಏಕೆಂದರೆ ಸ್ವಲ್ಪ ಬೈಯುವುದೂ ಇದೆ.

ಹೋಗುವಾಗ ನಾನು ಏನಂದುಕೊಂಡಿದ್ದೆ ಗೊತ್ತಾ? ಏಬಲ್ಟನ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್ ಚೆನ್ನಾಗಿ ಹೇಳಿಕೊಡುತ್ತಾರೆ, ದೊಡ್ಡ ದೊಡ್ಡ ಸಿಂಥ್ (ಕರೆಂಟಿನಿಂದ ಶಬ್ದ ಹುಟ್ಟಿಸುವ ವಾದ್ಯ) ಇರುತ್ತವೆ, ಮುಟ್ಟಬಹುದು ಅಂತ. ಮೊದಲ ವಾರ ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿದರು. ಸುತ್ತ ಎಂಟು ಸ್ಪೀಕರ್. ಹನ್ನೊಂದು ನಿಮಿಷದ ಒಂದು ಕೃತಿ ಹಾಕಿದರು. ತಾಳ ಇಲ್ಲ, ರಾಗ ಇಲ್ಲ. ಮುಗಿದ ಮೇಲೆ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: ಏನು ಕೇಳಿಸಿತು, ಯಾವಾಗ, ಎಲ್ಲಿಂದ? ಚೆನ್ನಾಗಿತ್ತಾ ಅಂತ ಯಾರೂ ಕೇಳಲಿಲ್ಲ. ನನಗೆ ಹೇಳಲು ಮಾತೇ ಇರಲಿಲ್ಲ. ಶಬ್ದಕ್ಕೆ ಸಂಬಂಧಪಟ್ಟ ಪದಗಳು ನನ್ನ ಹತ್ತಿರ ಮೂರೋ ನಾಲ್ಕೋ ಇದ್ದವು, ಜೋರು, ಮೆಲ್ಲಗೆ, ಸಣ್ಣದು, ದಪ್ಪದು.

ಎರಡನೇ ವಾರದ ಹೋಂವರ್ಕ್: ಒಂದೇ ಒಂದು ವಸ್ತುವಿನ ಶಬ್ದ ರೆಕಾರ್ಡ್ ಮಾಡಿ, ಅದರಿಂದಲೇ ಒಂದು ನಿಮಿಷ ಕಟ್ಟಿ. ಬೇರೆ ಏನೂ ಸೇರಿಸಬಾರದು. ನಾನು ಊರಿಂದ ತಂದಿದ್ದ ಸ್ಟೀಲ್ ಡಬ್ಬಿ ತಗೊಂಡೆ. ಆ ಒಂದು ನಿಮಿಷಕ್ಕೆ ಒಂಬತ್ತು ದಿನ ಹಿಡಿಯಿತು.

ಇದು ಹೊಸದೇನಲ್ಲ. 1948ರಲ್ಲಿ ಪ್ಯಾರಿಸ್ ರೇಡಿಯೋದಲ್ಲಿದ್ದ ಪಿಯೇರ್ ಶೇಫರ್ ರೈಲಿನ ಶಬ್ದ ಜೋಡಿಸಿ ಸಂಗೀತ ಮಾಡಿದ್ದ. ಗಂಟೆಯ ಶಬ್ದದಲ್ಲಿ ಮೊದಲ ಹೊಡೆತ ಕತ್ತರಿಸಿ ಉಳಿದದ್ದನ್ನು ಮಾತ್ರ ಕೇಳಿದರೆ ಅದು ಗಂಟೆ ಅನಿಸುವುದೇ ಇಲ್ಲ, ಯಾವುದೋ ಊದುವ ವಾದ್ಯ ಅನಿಸುತ್ತದೆ. ಅದನ್ನೂ ಅವನೇ ಕಂಡುಕೊಂಡದ್ದು. ನೀನು ಇವತ್ತು ರಾತ್ರಿಯೇ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಾಡಿ ನೋಡಬಹುದು, ಊರಿನ ದೇವಸ್ಥಾನದ ಗಂಟೆ ಸಾಕು.

ಈಗ ಬೈಗುಳ. ಸ್ಟುಡಿಯೋ ಬುಕಿಂಗ್ ಸಿಗುತ್ತಿರಲಿಲ್ಲ. ಸಿಕ್ಕರೆ ಬೆಳಗಿನ ಜಾವ 2ರಿಂದ 5. ಒಂದು ವರ್ಷದ ಕೋರ್ಸ್ ಅಂದರೆ ನಿಜವಾಗಿ ಪಾಠ ನಡೆಯುವುದು ಏಳೆಂಟು ತಿಂಗಳು. ಹೊರದೇಶದವರಿಗೆ ಫೀಸ್ ಬೇರೆ ಜಾಸ್ತಿ. ಸಾಲ ತೀರಿಸಲು ನನಗೆ ಆರು ವರ್ಷ ಬೇಕಾಯಿತು. ಇದನ್ನು ಯಾರೂ ಬ್ರೋಷರ್‌ನಲ್ಲಿ ಹಾಕುವುದಿಲ್ಲ.

ಹೋಗಿದ್ದಕ್ಕೆ ಬೇಜಾರಿದೆಯಾ ಅಂದರೆ ಇಲ್ಲ. ಸಾಫ್ಟ್‌ವೇರ್ ಮನೆಯಲ್ಲೇ ಕಲಿಯಬಹುದು, ಅದಕ್ಕೆ ಇಷ್ಟು ದುಡ್ಡು ಕೊಡುವುದು ದಂಡ. ಆದರೆ ನೀನು ಮಾಡಿದ್ದನ್ನು ಹನ್ನೆರಡು ಜನ ಪೂರ್ತಿ ಕೂತು ಕೇಳಿ, ನಾಲ್ಕನೇ ನಿಮಿಷದಲ್ಲಿ ನನಗೆ ಬೋರ್ ಆಯಿತು ಅಂತ ಮುಖಕ್ಕೆ ಹೇಳುತ್ತಾರಲ್ಲ, ಅದು ಮನೆಯಲ್ಲಿ ಸಿಗುವುದಿಲ್ಲ. ಮನೆಯವರು ಸೂಪರ್ ಅನ್ನುತ್ತಾರೆ, ಯೂಟ್ಯೂಬ್‌ನವರು ಕೇಳುವುದೇ ಇಲ್ಲ.


ಹದಿನೆಂಟು ಇಂಚು, ಮದ್ದೂರು
ಸೋಮವಾರ ಬೆಳಿಗ್ಗೆ 7:15

ಕುವೆಂಪುನಗರದ ಸಾರ್ ಬರೆದಿದ್ದು ಓದಿ ಖುಷಿಯಾಯಿತು, ಆದರೆ ಒಂದು ಮಾತು. ನಾನು 22 ವರ್ಷದಿಂದ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದೇನೆ. ಜಾತ್ರೆ, ಆರ್ಕೆಸ್ಟ್ರಾ, ನಾಟಕ, ರಾಜಕೀಯ, ಎಲ್ಲಾ. ಎಸ್ಸೆಸ್ಸೆಲ್ಸಿ ಫೇಲು. ದೊಡ್ಡ ಮೈದಾನದಲ್ಲಿ ಸ್ಟೇಜಿಂದ 34 ಮೀಟರ್ ದೂರಕ್ಕೆ ಇನ್ನೊಂದು ಜೊತೆ ಬಾಕ್ಸ್ ಇಟ್ಟರೆ ಅದಕ್ಕೆ ಹತ್ತಿರ ಹತ್ತಿರ 100 ಮಿಲಿಸೆಕೆಂಡ್ ಡಿಲೇ ಕೊಡಬೇಕು, ಅಂದರೆ ಅಷ್ಟು ತಡ ಮಾಡಿ ಶಬ್ದ ಬಿಡಬೇಕು, ಇಲ್ಲ ಅಂದರೆ ಹಿಂದೆ ಕೂತವನಿಗೆ ಪ್ರತಿ ಮಾತೂ ಎರಡು ಸಲ ಕೇಳುತ್ತೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ ಅಲ್ವಾ, ಅದೇ ಲೆಕ್ಕ. ಇದನ್ನು ನನಗೆ ಯಾವ ಯೂನಿವರ್ಸಿಟಿ ಹೇಳಿಕೊಟ್ಟಿತು? ಒಂದು ನಾಟಕದಲ್ಲಿ ಜನ ಎದ್ದು ಬೈದರು, ಅವತ್ತು ಕಲಿತೆ.

ಹುಡುಗ, ಒಂದು ಸೀಸನ್ ನನ್ನ ಜೊತೆ ಬಾ. ಕೇಬಲ್ ಸುತ್ತುವುದರಿಂದ ಶುರು. ಸರಿಯಾಗಿ ಕೇಬಲ್ ಸುತ್ತಲು ಬರದವನು ಸೌಂಡ್ ಇಂಜಿನಿಯರ್ ಅಲ್ಲ, ಅವನು ಗಿರಾಕಿ.


ಕುವೆಂಪುನಗರ
ಸೋಮವಾರ ಬೆಳಿಗ್ಗೆ 8:02

ಅಣ್ಣಾ, ನೀವು ಹೇಳಿದ್ದು ನೂರಕ್ಕೆ ನೂರು. ನಮ್ಮ ಕ್ಲಾಸಿನಲ್ಲಿ ಡಿಲೇಗೆ ಮೂರು ಪುಟ ಸಮೀಕರಣ ಬರೆದ ಹುಡುಗನಿಗೆ ಕೇಬಲ್ ಸುತ್ತಲು ಬರುತ್ತಿರಲಿಲ್ಲ. ತಮ್ಮಾ, ಹೋಗು ಅವರ ಜೊತೆ.


ಸರಸ್ವತಿಪುರಂ
ಸೋಮವಾರ ಮಧ್ಯಾಹ್ನ 3:20

ನಾನು ವೀಣೆ ಪಾಠ ಹೇಳುವವಳು. ವಯಸ್ಸು 61. ಮೊಮ್ಮಗಳು ಈ ಚರ್ಚೆ ತೋರಿಸಿದಳು, ಬರೆಯದೆ ಇರಲು ಆಗಲಿಲ್ಲ.

ಮಗು, ನಿನ್ನ ಉತ್ಸಾಹಕ್ಕೆ ನೀರು ಎರಚುವ ಉದ್ದೇಶ ನನಗಿಲ್ಲ. ಆದರೆ ಕಂಪ್ಯೂಟರ್‌ನಲ್ಲಿ ಮಾಡಿದ ವೀಣೆ ಕೇಳಿದಾಗಲೆಲ್ಲ ನನಗೆ ಪ್ಲಾಸ್ಟಿಕ್ ಹೂವು ನೋಡಿದ ಹಾಗೆ ಆಗುತ್ತದೆ. ತೋಡಿ ರಾಗದ ಗಾಂಧಾರ ಎಲ್ಲಿ ನಿಂತಿದೆ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ, ಅದು ನಿಲ್ಲುವುದೇ ಇಲ್ಲ. ನಿಮ್ಮ ಕೀಬೋರ್ಡ್‌ನಲ್ಲಿ ಹನ್ನೆರಡು ಮನೆ. ಎರಡು ಮನೆಯ ನಡುವೆ ಇರುವುದನ್ನು ಎಲ್ಲಿ ಇಡುತ್ತೀರಿ?


ಕುವೆಂಪುನಗರ
ಸೋಮವಾರ ಸಂಜೆ 6:44

ಮೇಡಂ, ನಮಸ್ಕಾರ. ನೀವು ಕೇಳಿದ್ದು ಈ ವಿಷಯದ ದೊಡ್ಡ ಪ್ರಶ್ನೆಗಳಲ್ಲಿ ಒಂದು, ಸುಮ್ನೆ ಮಾತಿಗೆ ಹೇಳುತ್ತಿಲ್ಲ.

ಕೀಬೋರ್ಡ್, ಕಂಪ್ಯೂಟರ್ ಒಂದಕ್ಕೊಂದು ಸ್ವರದ ಸುದ್ದಿ ಕಳಿಸುವ ಮಿಡಿ ಅನ್ನೋ ವ್ಯವಸ್ಥೆ ಬಂದದ್ದು 1983ರಲ್ಲಿ. ಅದರಲ್ಲಿ ಸ್ವರಕ್ಕೆ 0ಯಿಂದ 127ರವರೆಗೆ ನಂಬರು. ಪಿಯಾನೋ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಸ್ವರವನ್ನು ಮೇಲೆ ಕೆಳಗೆ ಜಾರಿಸಲು ಪಿಚ್ ಬೆಂಡ್ ಅಂತ ಒಂದಿದೆ, 16,384 ಮೆಟ್ಟಿಲು, ಆದರೆ ಅದು ಇಡೀ ಚಾನೆಲ್‌ಗೆ, ಅಂದರೆ ಅದರಲ್ಲಿ ನುಡಿಯುವ ಎಲ್ಲಾ ಸ್ವರಕ್ಕೂ, ಒಂದೇ. ಒಂದು ತಂತಿ ಎಳೆದರೆ ಪಕ್ಕದ ತಂತಿಯೂ ಎಳೆದುಕೊಂಡು ಹೋಗುತ್ತದೆ. ನೀವು ಮೀಟುವಾಗ ತಾಳದ ತಂತಿಯೂ ಗಮಕ ಹಾಕಿದರೆ ಹೇಗಿರುತ್ತೆ ಊಹಿಸಿಕೊಳ್ಳಿ. ಪ್ರತಿ ಸ್ವರಕ್ಕೂ ಬೇರೆ ಬೇರೆ ಬೆಂಡ್ ಕೊಡುವ ಎಂಪಿಇ ಅನ್ನೋ ವಿಧಾನಕ್ಕೆ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಅಂದರೆ 35 ವರ್ಷ ತಡ.

ಇನ್ನೊಂದು ಕಡೆ ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕಾಂಪ್‌ಮ್ಯೂಸಿಕ್ ಅಂತ ಒಂದು ದೊಡ್ಡ ಸಂಶೋಧನೆ 2011ರಲ್ಲಿ ಶುರುವಾಯಿತು. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಟರ್ಕಿಯ ಸಂಗೀತ ಇವನ್ನೆಲ್ಲ ಕಂಪ್ಯೂಟರ್ ಹೇಗೆ ಅರ್ಥ ಮಾಡಿಕೊಳ್ಳಬೇಕು ಅನ್ನುವುದೇ ಅದರ ಕೆಲಸ. ಅಲ್ಲಿ ಇದೇ ತಲೆನೋವು: ಒಂದು ಗಮಕದಲ್ಲಿ ಯಾವುದನ್ನು ಸ್ವರ ಅನ್ನುವುದು?

ಹುಡುಗನಿಗೆ: ನಿನ್ನ ಎಫ್‌ಎಫ್‌ಟಿ ಇಲ್ಲಿ ಬರುತ್ತೆ ನೋಡು. ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆಯುವ ಸ್ಯಾಂಪಲ್ ರೇಟ್‌ನಲ್ಲಿ 2048 ಪಾಯಿಂಟ್ ತಗೊಂಡರೆ ಒಂದು ಬಿನ್ (ಫ್ರೀಕ್ವೆನ್ಸಿಯ ಒಂದು ಖಾನೆ) ಅಂದರೆ ಸುಮಾರು 21.5 ಹರ್ಟ್ಸ್, ಸಮಯ 46 ಮಿಲಿಸೆಕೆಂಡ್. ಕೆಳಗಿನ ಸ್ಥಾಯಿಯಲ್ಲಿ 21 ಹರ್ಟ್ಸ್ ಅಂದರೆ ಮೂರು ನಾಲ್ಕು ಸ್ವರಸ್ಥಾನವೇ ನುಂಗಿಹೋಗುತ್ತದೆ. ಸರಿ, ಕಿಟಕಿ (ಒಮ್ಮೆಗೆ ನೋಡುವ ಸಮಯ) ದೊಡ್ಡದು ಮಾಡೋಣ ಅಂದರೆ ಅಷ್ಟರಲ್ಲಿ ಮೇಡಂ ಬೆರಳು ಮೂರು ಸಲ ಓಡಾಡಿ ಬಂದಿರುತ್ತೆ. ನೀನು ಕಾಗದದ ಮೇಲೆ ಬರೆದ ಟೈಮ್ ಫ್ರೀಕ್ವೆನ್ಸಿ ಜಗಳ ಇದೇ.


ಆಲೆಮನೆ ಹುಡುಗ, ಮಂಡ್ಯ
ಸೋಮವಾರ ರಾತ್ರಿ 9:30

ಅಣ್ಣಾ, ಈ ಒಂದು ಪ್ಯಾರಾ ನಮ್ಮ ಮೇಷ್ಟ್ರು ಹೇಳಿದ್ದಿದ್ದರೆ ನಾನು ಆ ಸಬ್ಜೆಕ್ಟಿನಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ಮೇಡಂ, ನನಗೆ ಒಂದು ಡೌಟು. ತಂಬೂರಿ ಶಬ್ದ ಕೋಡ್‌ನಲ್ಲಿ ಮಾಡಲು ನೋಡಿದೆ. ಕಾರ್ಪ್ಲಸ್ ಸ್ಟ್ರಾಂಗ್ ಅಂತ 1983ರ ಒಂದು ವಿಧಾನ ಇದೆ. ಒಂದಿಷ್ಟು ಗೊರಗೊರ ಶಬ್ದವನ್ನು ಒಂದು ಡಿಲೇಯಲ್ಲಿ ಸುತ್ತಿಸುತ್ತಾ, ಪ್ರತಿ ಸುತ್ತಿಗೂ ಅಕ್ಕಪಕ್ಕದ ಎರಡು ಸ್ಯಾಂಪಲ್‌ಗಳ ಸರಾಸರಿ ತೆಗೆದರೆ ಸಾಕು, ತಂತಿ ಮೀಟಿದ ಹಾಗೆ ಕೇಳುತ್ತೆ. 98 ಹರ್ಟ್ಸ್ ಬೇಕು ಅಂದರೆ 450 ಸ್ಯಾಂಪಲ್ ಉದ್ದದ ಡಿಲೇ. ಹತ್ತೇ ಸಾಲಿನ ಕೋಡು. ಆದರೆ ಅದು ಗಿಟಾರ್ ಥರ ಕೇಳುತ್ತದೆ, ತಂಬೂರಿ ಥರ ಇಲ್ಲ. ಏನು ಕಮ್ಮಿ?


ಸರಸ್ವತಿಪುರಂ
ಸೋಮವಾರ ರಾತ್ರಿ 10:05

ಎಳೆ ಕಮ್ಮಿ. ತಂಬೂರಿಯಲ್ಲಿ ತಂತಿಗಳನ್ನು ಹೊರುವ ಭಾಗಕ್ಕೆ ಕುದುರೆ ಅನ್ನುತ್ತೇವೆ, ಅದರ ಮೇಲೆ, ತಂತಿಯ ಕೆಳಗೆ ಒಂದು ಹತ್ತಿ ಅಥವಾ ರೇಷ್ಮೆ ದಾರ ಸಿಕ್ಕಿಸಿರುತ್ತೇವೆ. ಅದನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿದರೆ ಜೀವ ಬರುತ್ತದೆ. ಆ ಕುದುರೆ ಗಿಟಾರಿನ ಹಾಗೆ ಚೂಪಲ್ಲ, ಅಗಲ, ಸ್ವಲ್ಪ ಬಾಗಿರುತ್ತದೆ. ತಂತಿ ಅದರ ಮೇಲೆ ಮುಟ್ಟಿ ಮುಟ್ಟಿ ಬಿಡುತ್ತದೆ. ಚೆನ್ನಾಗಿ ಶ್ರುತಿ ಸೇರಿದ ತಂಬೂರಿಯಲ್ಲಿ ಯಾರೂ ಮೀಟದ ಅಂತರ ಗಾಂಧಾರ ತಾನಾಗಿ ಕೇಳುತ್ತದೆ. ನನ್ನ ಗುರುಗಳು ಅದು ಕೇಳುವವರೆಗೆ ಪಾಠ ಶುರು ಮಾಡುತ್ತಿರಲಿಲ್ಲ. ನಿನ್ನ ಹತ್ತು ಸಾಲಿಗೆ ಹನ್ನೊಂದನೆಯದು ಸೇರಿಸು, ಆ ದಾರಕ್ಕೆ.


ಕುವೆಂಪುನಗರ
ಸೋಮವಾರ ರಾತ್ರಿ 10:21

ಸಿ.ವಿ. ರಾಮನ್ 1921ರಲ್ಲಿ ಇದರ ಮೇಲೇ ಲೇಖನ ಬರೆದಿದ್ದರು. ತಂತಿಯನ್ನು ಒಂದು ಜಾಗದಲ್ಲಿ ಮೀಟಿದರೆ, ಆ ಜಾಗದಲ್ಲಿ ನಿಶ್ಚಲ ಬಿಂದು ಇರುವ ಸ್ವರಾಂಶಗಳು ಕೇಳಬಾರದು ಅನ್ನುವುದು ಹಳೆಯ ನಿಯಮ. ತಂಬೂರಿ ಮತ್ತು ವೀಣೆ ಆ ನಿಯಮ ಪಾಲಿಸುವುದಿಲ್ಲ, ಕಾರಣ ಕುದುರೆ ಅಂತ ಅವರು ತೋರಿಸಿದರು. ಮೇಡಂ ಕೇಳುವ ಗಾಂಧಾರ ಷಡ್ಜದ ಐದನೇ ಹಾರ್ಮೋನಿಕ್, ಅಂದರೆ ಅದರ ಐದು ಪಟ್ಟು ಫ್ರೀಕ್ವೆನ್ಸಿಯ ಸ್ವರಾಂಶ. ಕೀಬೋರ್ಡಿನ ಗಾಂಧಾರಕ್ಕಿಂತ ಸುಮಾರು 14 ಸೆಂಟ್ (ಅಕ್ಕಪಕ್ಕದ ಎರಡು ಮನೆಯ ನಡುವೆ 100 ಸೆಂಟ್) ಕೆಳಗೆ ಇರುತ್ತದೆ. ಪ್ಲಾಸ್ಟಿಕ್ ಹೂವು ಅಂದರಲ್ಲ ಮೇಡಂ, ಅದರಲ್ಲಿ ಆ 14 ಸೆಂಟ್‌ನ ಪಾಲೂ ಇದೆ.

ನೋಡು ತಮ್ಮಾ, ನಿನಗೆ ಹಾರ್ಮೋನಿಯಂ ಬರದಿದ್ದರೂ ನಡೆಯುತ್ತದೆ. ಈ ಥರ ಒಂದು ಸಂಭಾಷಣೆ ದಿನಾ ನಡೆಯುವ ಜಾಗ ಹುಡುಕಿಕೋ.


ಡೆಸಿಬೆಲ್, ಮಾನಸಗಂಗೋತ್ರಿ
ಮಂಗಳವಾರ ಬೆಳಿಗ್ಗೆ 11:10

ಹಾಗಾದರೆ ಮೈಸೂರೇ ಸಾಕಲ್ವಾ 😄 ನಾನು ಇಲ್ಲಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆಡಿಯಾಲಜಿ ಓದುತ್ತಿದ್ದೇನೆ. ಶಬ್ದ ಅಂದರೆ ಸ್ಟುಡಿಯೋ ಮಾತ್ರ ಅಂದುಕೊಂಡವರಿಗೆ ಹೇಳುತ್ತಿದ್ದೇನೆ: ಕಿವಿ ಅನ್ನೋದೂ ಒಂದು ವಾದ್ಯ. ಒಂದು ಶಬ್ದ ಇನ್ನೊಂದನ್ನು ಯಾವಾಗ ಮುಚ್ಚಿಹಾಕುತ್ತದೆ, ಎಡ ಬಲ ಹೇಗೆ ಗೊತ್ತಾಗುತ್ತದೆ, ಒಂದೇ ಡೆಸಿಬೆಲ್ ಇದ್ದರೂ 100 ಹರ್ಟ್ಸ್ ಯಾಕೆ 3000 ಹರ್ಟ್ಸ್‌ಗಿಂತ ಮೆಲ್ಲಗೆ ಕೇಳುತ್ತದೆ, ಇದೆಲ್ಲ ನಮ್ಮ ಪಾಠ. ಸೌಂಡ್ ಡಿಸೈನ್ ಕೋರ್ಸ್‌ಗಳಲ್ಲಿ ಸೈಕೋಅಕೌಸ್ಟಿಕ್ಸ್ ಅಂತ ಇದನ್ನೇ ಹೇಳಿಕೊಡುತ್ತಾರೆ.

ಕೆಲಸದ ವಿಷಯ ಯಾರೂ ಬರೆದಿಲ್ಲ. ಸಿನಿಮಾ ಒಂದೇ ಅಲ್ಲ. ಗೇಮ್ ಕಂಪನಿಗಳು ಗೇಮಿಗೆ ಶಬ್ದ ಜೋಡಿಸುವ ವೈಸ್, ಎಫ್‌ಮಾಡ್ ಸಾಫ್ಟ್‌ವೇರ್ ಗೊತ್ತಿರುವವರನ್ನು ಹುಡುಕುತ್ತವೆ. ಶ್ರವಣ ಸಾಧನದೊಳಗೆ ಇರುವುದೆಲ್ಲ ಡಿಎಸ್‌ಪಿ. ಎಲೆಕ್ಟ್ರಿಕ್ ಕಾರುಗಳಿಗೆ ಶಬ್ದ ಮಾಡಿಕೊಡುವವರೂ ಬೇಕು, ಯೂರೋಪಿನಲ್ಲಿ 2021ರ ಜುಲೈಯಿಂದ ಎಲ್ಲಾ ಹೊಸ ಎಲೆಕ್ಟ್ರಿಕ್ ಕಾರುಗಳೂ ನಿಧಾನಕ್ಕೆ ಹೋಗುವಾಗ ಶಬ್ದ ಮಾಡಲೇಬೇಕು, ಇಲ್ಲ ಅಂದರೆ ರಸ್ತೆ ದಾಟುವ ಕುರುಡರಿಗೆ ಗೊತ್ತಾಗುವುದಿಲ್ಲ. ಆ ಶಬ್ದ ಹೇಗಿರಬೇಕು ಅಂತ ಯಾರೋ ಕೂತು ಯೋಚಿಸಬೇಕಲ್ಲ.

ಮತ್ತೆ ಹದಿನೆಂಟು ಇಂಚು ಅಣ್ಣನಿಗೆ ಒಂದು ವಿನಂತಿ. 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ ಅಂತ ಒಂದು ಮಿತಿ ಇದೆ. ಪ್ರತಿ 3 ಡೆಸಿಬೆಲ್ ಹೆಚ್ಚಾದ ಹಾಗೆ ಆ ಸಮಯ ಅರ್ಧ ಆಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ. ನೀವು ಸ್ಪೀಕರ್ ಸ್ಟ್ಯಾಕ್ ಪಕ್ಕದಲ್ಲಿ ನಿಲ್ಲುವಾಗ ಕಿವಿಗೆ ಏನು ಹಾಕಿಕೊಳ್ಳುತ್ತೀರಿ?


ಹದಿನೆಂಟು ಇಂಚು, ಮದ್ದೂರು
ಮಂಗಳವಾರ ಮಧ್ಯಾಹ್ನ 1:30

ಹತ್ತಿ. 😐

ಜೋರು ಅನ್ನೋ ಆಸೆ ನಮಗೆ ಮಾತ್ರ ಇಲ್ಲ ತಾಯಿ. ಟಿ. ಚೌಡಯ್ಯನವರು ನಮ್ಮ ತಿರುಮಕೂಡಲಿನವರೇ, ಪಿಟೀಲಿಗೆ ನಾಲ್ಕರ ಬದಲು ಏಳು ತಂತಿ ಕಟ್ಟಿಕೊಂಡಿದ್ದು ಯಾತಕ್ಕೆ? ಮೈಕ್ ಇಲ್ಲದ ಕಾಲದಲ್ಲಿ ಹಿಂದೆ ಕೂತವನಿಗೂ ಕೇಳಲಿ ಅಂತ. ಅದೂ ಸೌಂಡ್ ಡಿಸೈನೇ.


ಹಳೇ ಮೈಸೂರು
ಮಂಗಳವಾರ ಸಂಜೆ 5:00

ಸೌಂಡಿನ ಹುಚ್ಚಿಗೆ ಮೈಸೂರು ಮೇಷ್ಟ್ರುಗಳು ಯಾವತ್ತೂ ಹಿಂದೆ ಬಿದ್ದವರಲ್ಲ. ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಶುರು ಮಾಡಿದರು. ಆಕಾಶವಾಣಿ ಅಂತ ಹೆಸರು ಬಂದದ್ದು ಅದಕ್ಕೇ. ಅವರು ಇಂಜಿನಿಯರ್ ಅಲ್ಲ, ಮನಃಶಾಸ್ತ್ರದ ಪ್ರೊಫೆಸರ್. ಈಗಿನ ಕಾಲವಾಗಿದ್ದರೆ ನಿಮ್ಮ ಸಬ್ಜೆಕ್ಟ್‌ಗೂ ಇದಕ್ಕೂ ಏನು ಸಂಬಂಧ ಅಂತ ಕೇಳುತ್ತಿದ್ದರು.


ಕುವೆಂಪುನಗರ
ಮಂಗಳವಾರ ರಾತ್ರಿ 8:15

ಇದು ಫಾರಿನ್ ಸಬ್ಜೆಕ್ಟು ಅಂತ ಯಾರಾದರೂ ಅಂದರೆ ಇದನ್ನೂ ಹೇಳಿ. ಅಹಮದಾಬಾದ್‌ನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ 1969ರಲ್ಲೇ ಮೂಗ್ ಸಿಂಥಸೈಜರ್ ಇತ್ತು. ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಸ್ಟುಡಿಯೋ ಕಟ್ಟಲು ನೆರವಾದರು. ಕೆಲವೇ ವರ್ಷ ನಡೆಯಿತು, ಆಮೇಲೆ ಮರೆತುಹೋಯಿತು. ನಮ್ಮಲ್ಲಿ ಶುರುವಾಗದೆ ಇರುವುದು ಕಮ್ಮಿ, ಶುರುವಾಗಿ ನಿಲ್ಲುವುದು ಜಾಸ್ತಿ.

ಈಗ ಎಲ್ಲಿ ಓದಬೇಕು ಅನ್ನುವುದಕ್ಕೆ ಬರೋಣ. ಸಿನಿಮಾ ಶಬ್ದ ಬೇಕಾದರೆ ಪುಣೆಯ ಎಫ್‌ಟಿಐಐ, ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ, ಎರಡರಲ್ಲೂ ಮೂರು ವರ್ಷದ ಕೋರ್ಸ್ ಇದೆ, ಎರಡೂ ಸರ್ಕಾರದ್ದು. ಸೌಂಡ್ ಡಿಸೈನರ್ ರೆಸೂಲ್ ಪೂಕುಟ್ಟಿ ಎಫ್‌ಟಿಐಐನಿಂದ ಬಂದವರು, 2009ರಲ್ಲಿ ಆಸ್ಕರ್ ಸಿಕ್ಕಿತು. ಬೆಂಗಳೂರಿನ ಹೆಸರಘಟ್ಟದಲ್ಲೂ ಸರ್ಕಾರಿ ಫಿಲ್ಮ್ ಸಂಸ್ಥೆ ಇದೆ. ಆದರೆ ಅಲ್ಲೆಲ್ಲ ಶಬ್ದ ಚಿತ್ರಕ್ಕಾಗಿ. ನಿನ್ನ ಗೊರಗೊರ ಶಬ್ದವನ್ನೇ ಕೃತಿ ಅಂತ ಕೂರಿಸಿ ಕೇಳುವ ಜಾಗ ಬೇಕಾದರೆ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿರುವ ಸೊನಾಲಜಿ ಸಂಸ್ಥೆ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನ ಸೋನಿಕ್ ಆರ್ಟ್ಸ್ ಕೇಂದ್ರ ಇಂಥವು. ಕೋಡೂ ಬೇಕು ಸಂಗೀತವೂ ಬೇಕು ಅಂದರೆ ಆಗ ಹೇಳಿದ ಬಾರ್ಸಿಲೋನಾದ ಸೌಂಡ್ ಅಂಡ್ ಮ್ಯೂಸಿಕ್ ಕಂಪ್ಯೂಟಿಂಗ್ ಮಾಸ್ಟರ್ಸ್. ಇಸಿ ಓದಿದವನಿಗೆ ಅದು ಒಗ್ಗುತ್ತದೆ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ, ಆದರೆ ಬಾಡೆನ್ ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1500 ಯೂರೋ ಇದೆ. ಊಟ ಬಾಡಿಗೆಯ ಲೆಕ್ಕ ಬೇರೆ.

ಎಲ್ಲಾ ಕಡೆ ಪೋರ್ಟ್‌ಫೋಲಿಯೋ ಕೇಳುತ್ತಾರೆ. ಅಲ್ಲಿ ನಿನ್ನ ಬಟರ್‌ಫ್ಲೈ ಡಯಾಗ್ರಾಂ ನೋಡುವವರು ಯಾರೂ ಇಲ್ಲ. ಡೌನ್‌ಲೋಡ್ ಮಾಡಿದ ಲೂಪ್ (ಮತ್ತೆ ಮತ್ತೆ ಸುತ್ತುವ ರೆಡಿಮೇಡ್ ತುಣುಕು) ಇಟ್ಟು ಕಳಿಸಬೇಡ, ಅಂಥದ್ದು ಅವರ ಹತ್ತಿರ ಮೂಟೆಗಟ್ಟಲೆ ಬಂದಿರುತ್ತದೆ. ನಿನ್ನ ಮನೆಯಲ್ಲಿ ಗಾಣ ಇದೆ ಕಣೋ. ಒಂದು ಪೀಜೋ ಡಿಸ್ಕ್ ತಗೋ, ಬಜರ್ ಒಳಗೆ ಇರುತ್ತದಲ್ಲ ಹಿತ್ತಾಳೆ ಬಿಲ್ಲೆ, ಅದು. ಎರಡು ವೈರ್ ಬೆಸುಗೆ ಹಾಕಿ ಕಬ್ಬಿಣಕ್ಕೆ ಅಂಟಿಸು. ಗಾಳಿಯಲ್ಲಿ ಕೇಳದ ಶಬ್ದ ಲೋಹದೊಳಗೆ ಕೇಳುತ್ತದೆ. ಮಾಮೂಲಿ ಮೈಕ್ ಇನ್‌ಪುಟ್‌ಗೆ ಹಾಕಬೇಡ, ಕೆಳಗಿನ ಸ್ಥಾಯಿಯೆಲ್ಲ ಹೋಗುತ್ತದೆ. ಗಿಟಾರ್‌ಗೆ ಅಂತ ಇರುವ 1 ಮೆಗಾಓಮ್ ಇನ್‌ಪುಟ್ ಬೇಕು. ಯಾಕೆ ಅಂತ ನಿನಗೇ ಗೊತ್ತಿರಬೇಕು, ಇಸಿ ಅಲ್ವಾ.


ಆಲೆಮನೆ ಹುಡುಗ, ಮಂಡ್ಯ
ಮುಂದಿನ ಭಾನುವಾರ ರಾತ್ರಿ 11:20

ಗೊತ್ತು ಅಣ್ಣಾ. ಪೀಜೋ ಅಂದರೆ ಸಣ್ಣ ಕೆಪಾಸಿಟರ್ ಇದ್ದ ಹಾಗೆ, ಇನ್‌ಪುಟ್ ರೆಸಿಸ್ಟೆನ್ಸ್ ಕಮ್ಮಿ ಆದರೆ ಎರಡೂ ಸೇರಿ ಕೆಳಗಿನ ಸ್ಥಾಯಿ ತಡೆಯುವ ಹೈಪಾಸ್ ಫಿಲ್ಟರ್ ಆಗುತ್ತದೆ. ಪರೀಕ್ಷೆಯಲ್ಲಿ ಬರೆದಿದ್ದೆ. ಅದು ಇಲ್ಲಿ ಬರುತ್ತೆ ಅಂತ ಗೊತ್ತಿರಲಿಲ್ಲ ಅಷ್ಟೇ.

ಊರಿಗೆ ಹೋಗಿದ್ದೆ. ತ್ರೀ ಫೇಸ್ ಕರೆಂಟ್ ಬಂದದ್ದು ರಾತ್ರಿ 11ಕ್ಕೆ. ಗಾಣದ ಚೌಕಟ್ಟಿಗೆ ಒಂದು ಪೀಜೋ, ಮೋಟಾರ್ ಹತ್ತಿರ ಒಂದು, ಕೊಪ್ಪರಿಗೆಯ ಅಂಚಿಗೆ ಹಾಕಲು ಹೋಗಿ ಒಂದು ಸುಟ್ಟುಕೊಂಡೆ. ಪಾಕ ಕುದಿಯುವುದನ್ನು ಫೋನಿನಲ್ಲೇ ಮಾಡಿಕೊಂಡೆ. ಮೊದಲು ಕೊತಕೊತ ಅಂತ ಇರುತ್ತದೆ, ಗಟ್ಟಿಯಾಗುತ್ತಾ ಫತ್ ಫತ್ ಅಂತ ಬಿಡಿ ಬಿಡಿಯಾಗುತ್ತದೆ. ಹುಟ್ಟಿದಾಗಿನಿಂದ ಕೇಳಿದ್ದೇನೆ, ಯಾವತ್ತೂ ಕೇಳಿಸಿಕೊಂಡಿರಲಿಲ್ಲ.

ಒಂದು ವಿಚಿತ್ರ. ಎಲ್ಲಾ ರೆಕಾರ್ಡಿಂಗ್‌ನ ಎಫ್‌ಎಫ್‌ಟಿ ಚಿತ್ರದಲ್ಲೂ 100 ಹರ್ಟ್ಸ್ ಹತ್ತಿರ ಒಂದು ದೊಡ್ಡ ಗೆರೆ. ಕರೆಂಟ್ 50 ಹರ್ಟ್ಸ್ ಅಲ್ವಾ, ಕಾಂತದ ಸೆಳೆತ ಒಂದು ಸುತ್ತಿಗೆ ಎರಡು ಸಲ, ಅದಕ್ಕೆ 100. ಅದರ ಕೆಳಗೆ 24 ಹರ್ಟ್ಸ್ ಹತ್ತಿರ ಇನ್ನೊಂದು, ಅದು ಮೋಟಾರ್ ತಿರುಗುವ ವೇಗ, ನಿಮಿಷಕ್ಕೆ 1440. ಇದನ್ನು ಫಿಲ್ಟರ್ ಹಾಕಿ ತೆಗೆಯಲಾ?


ಸರಸ್ವತಿಪುರಂ
ಸೋಮವಾರ ಬೆಳಿಗ್ಗೆ 6:10

ತೆಗೆಯಬೇಡ. ಮಗು, ನಮ್ಮ ಮನೆ ಮುಂದೆ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಅದು ಹಾರ್ಮೋನಿಯಂನ ಐದು ಮನೆ ಶ್ರುತಿಗಿಂತ ಚೂರು ಮೇಲೆ ಹಾಡುತ್ತದೆ ಅಂತ ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಮನೆಯವರು ನಗುತ್ತಾರೆ. ನಿನ್ನ 100 ಅದೇ ಇರಬೇಕು. ಸ್ವಲ್ಪ ಲೆಕ್ಕ ಹಾಕಿ ಹೇಳು.


ಆಲೆಮನೆ ಹುಡುಗ, ಮಂಡ್ಯ
ಸೋಮವಾರ ಬೆಳಿಗ್ಗೆ 6:40

ಮೇಡಂ!! ಐದು ಮನೆ ಅಂದರೆ ಕೀಬೋರ್ಡಿನ ಜಿ ಸ್ವರ, 98 ಹರ್ಟ್ಸ್. 100 ಅಂದರೆ ಅದಕ್ಕಿಂತ 35 ಸೆಂಟ್ ಮೇಲೆ. ನೀವು ಹೇಳಿದ್ದೇ ಸರಿ. ಮನೆಯವರಿಗೆ ಇದನ್ನು ತೋರಿಸಿ.


ಸರಸ್ವತಿಪುರಂ
ಸೋಮವಾರ ಬೆಳಿಗ್ಗೆ 6:52

ತೋರಿಸಿದೆ. ಕಾಫಿ ಅವರೇ ಮಾಡಿಕೊಟ್ಟರು. ಈಗ ನಿನ್ನ ತಂಬೂರಿಯನ್ನು ಆ 100ಕ್ಕೆ ಸೇರಿಸು. ಇಡೀ ಜಿಲ್ಲೆಯೇ ಶ್ರುತಿ ಹಿಡಿದಿರುವಾಗ ಬೇರೆ ಶ್ರುತಿ ಯಾಕೆ.


ಆಲೆಮನೆ ಹುಡುಗ, ಮಂಡ್ಯ
ಗುರುವಾರ ರಾತ್ರಿ 10:15

ಸೇರಿಸಿದೆ ಮೇಡಂ. 450ರ ಬದಲು 441 ಸ್ಯಾಂಪಲ್. ದಾರಕ್ಕೆ ಅಂತ ಒಂದು ಸಾಲು ಹಾಕಲು ಹೋಗಿ ಮೂವತ್ತು ಸಾಲಾಯಿತು, ಇನ್ನೂ ಪೂರ್ತಿ ಜೀವ ಬಂದಿಲ್ಲ, ಗಿಟಾರಂತೂ ಅಲ್ಲ ಈಗ. ಅದರ ಮೇಲೆ ಗಾಣ ಇಟ್ಟಿದ್ದೇನೆ. ನಾಲ್ಕು ನಿಮಿಷ ಹತ್ತು ಸೆಕೆಂಡ್. ಲಿಂಕ್ ಹಾಕುತ್ತಿದ್ದೇನೆ, ಎಲ್ಲಿ ಬೋರ್ ಆಯಿತು ಹೇಳಿ.


ಕುವೆಂಪುನಗರ
ಗುರುವಾರ ರಾತ್ರಿ 11:40

ಮೂರು ಸಲ ಕೇಳಿದೆ. ಮೊದಲ ಒಂದೂವರೆ ನಿಮಿಷ ಸುಮ್ನೆ ಉದ್ದ ಮಾಡಿದ್ದೀಯ, ಕತ್ತರಿಸು. ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಆಗುವಂಥ ಗುಂಯ್ ಅನ್ನುವ ಅನುರಣನ) ಎಲ್ಲಾ ತೆಗಿ. ಶಬ್ದದ ಮೇಲೆ ನಂಬಿಕೆ ಇಲ್ಲದಾಗ ನಾವೆಲ್ಲ ರಿವರ್ಬ್ ಹಾಕುತ್ತೇವೆ, ನಾನೂ ಹಾಕಿದ್ದೆ. ಪಾಕದ ಫತ್ ಫತ್ ಅನ್ನು ಲೂಪ್ ಮಾಡಿದ್ದು ತಪ್ಪು, ಅದರ ಚೆಂದ ಇರುವುದೇ ನಿಧಾನವಾಗಿ ಬದಲಾಗುವುದರಲ್ಲಿ. ಆದರೆ 2:50ಕ್ಕೆ ಒಂದು ಶಬ್ದ ಬರುತ್ತದಲ್ಲ, ಗಾಣದ ಒಳಗಿಂದ ಯಾರೋ ಸಣ್ಣಗೆ ನರಳಿದ ಹಾಗೆ, ಸುತ್ತಿಗೊಂದು ಸಲ, ಅದು ಏನದು? ಇಡೀ ಕೃತಿ ಅದೇ. ಅದರ ಸುತ್ತ ಮತ್ತೆ ಕಟ್ಟು. ಇನ್ನೂ ಉದ್ದ ರೆಕಾರ್ಡ್ ಮಾಡಿಕೊಂಡು ಬಾ, ಕಮ್ಮಿ ಅಂದರೆ ಅರ್ಧ ಗಂಟೆ. ಅದಾದರೆ ಪೋರ್ಟ್‌ಫೋಲಿಯೋದಲ್ಲಿ ಮೊದಲನೆಯದು ಅದೇ.


ಹದಿನೆಂಟು ಇಂಚು, ಮದ್ದೂರು
ಶುಕ್ರವಾರ ಬೆಳಿಗ್ಗೆ 7:00

ನಾನು ಗೋಡೌನ್‌ನಲ್ಲಿ ದೊಡ್ಡ ಬಾಕ್ಸ್‌ನಲ್ಲಿ ಹಾಕಿ ಕೇಳಿದೆ. ಆ 24 ಹರ್ಟ್ಸ್ ಫೋನಲ್ಲಿ ಕೇಳಲ್ಲ, ಇಲ್ಲಿ ಬಂದು ಕೇಳು. ಶಟರ್ ಅಲುಗಾಡಿತು. ಪಕ್ಕದ ಅಂಗಡಿಯವನು ಯಾರದಪ್ಪ ಆಲೆಮನೆ ಶುರು ಆಯ್ತು ಅಂತ ಬಂದ.


ಆಲೆಮನೆ ಹುಡುಗ, ಮಂಡ್ಯ
ಭಾನುವಾರ ರಾತ್ರಿ 9:05

ಎರಡು ಸುದ್ದಿ.

ಅಪ್ಪನಿಗೆ ಹೇಳಿದೆ. ಮಾತು ಹೊರಡಲಿಲ್ಲ, ಅದಕ್ಕೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. 2:50 ಬಂದಾಗ ಕೈ ಎತ್ತಿದರು. ಇನ್ನೊಂದು ಸಲ ಹಾಕು ಅಂದರು. ಮೂರು ಸಲ ಹಾಕಿಸಿಕೊಂಡರು. ಆಮೇಲೆ ಹೆಡ್‌ಫೋನ್ ತೆಗೆದು, "ಎಡಗಡೆ ಉರುಳೆ ಬೇರಿಂಗ್ ಹೋಗಿದೆ ಕಣೋ, ನಾನು ಹೊರಗಿಂದ ಕೇಳಿದರೆ ಗೊತ್ತಾಗ್ತಾ ಇರಲಿಲ್ಲ" ಅಂದರು. ಓದುವ ವಿಷಯ ಎತ್ತಿದೆ. ಎಷ್ಟಾಗುತ್ತೆ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ವರ್ಷ ಕೆಲಸಕ್ಕೆ ಹೋಗಿ ಅರ್ಧ ನೀನು ಸೇರಿಸು, ಅರ್ಧ ನೋಡೋಣ ಅಂದರು. ಬೇಡ ಅನ್ನಲಿಲ್ಲ. ಹಾಗಾಗಿ ಕೆಲಸಕ್ಕೆ ಸೇರುತ್ತಿದ್ದೇನೆ, ವಾರಕ್ಕೆ ಎರಡು ದಿನ ಮದ್ದೂರಿನ ಅಣ್ಣನ ಹತ್ತಿರ ಕೇಬಲ್ ಸುತ್ತುತ್ತೇನೆ, ಮುಂದಿನ ವರ್ಷ ಬಾರ್ಸಿಲೋನಾ, ಹೇಗ್ ಎರಡಕ್ಕೂ ಅರ್ಜಿ.

ಎರಡನೇ ಸುದ್ದಿ. ಇವತ್ತು ಬೆಳಿಗ್ಗೆ ಅರ್ಧ ಗಂಟೆ ರೆಕಾರ್ಡ್ ಮಾಡೋಣ ಅಂತ ಪೀಜೋ ಹಿಡಿದುಕೊಂಡು ಹೋದೆ. ಅಪ್ಪ ಅಷ್ಟರಲ್ಲಿ ಮೆಕ್ಯಾನಿಕ್ ಕರೆಸಿ ಬೇರಿಂಗ್ ಬದಲಾಯಿಸಿಬಿಟ್ಟಿದ್ದಾರೆ. ಗಾಣ ಈಗ ನುಣ್ಣಗೆ ತಿರುಗುತ್ತಿದೆ. ಆ ಶಬ್ದವೇ ಇಲ್ಲ. ನನ್ನ ಹತ್ತಿರ ಇರುವುದು ಬರೀ 38 ಸೆಕೆಂಡ್.


ಹದಿನೆಂಟು ಇಂಚು, ಮದ್ದೂರು
ಭಾನುವಾರ ರಾತ್ರಿ 9:11

ಹಳೇ ಬೇರಿಂಗ್ ಎಲ್ಲಿ? ಗುಜರಿಗೆ ಹಾಕಿಬಿಟ್ಟರಾ?


ಆಲೆಮನೆ ಹುಡುಗ, ಮಂಡ್ಯ
ಭಾನುವಾರ ರಾತ್ರಿ 9:12

ಕಬ್ಬಿನ ರಚ್ಚಿನ ರಾಶಿ ಪಕ್ಕ ಬಿದ್ದಿತ್ತು. ಟಾರ್ಚ್ ತಗೊಂಡು ಹೋಗುತ್ತಿದ್ದೇನೆ.